ತೊರಕೆಯ ಮರಿ, ಐವತ್ತು ಸಾಲು

ನನ್ನ ಬಳಿ ಇನ್ನೂರು ಪುಟದ ಒಂದು ಹಳೆಯ ನೋಟುಪುಸ್ತಕವಿದೆ. ರಟ್ಟು ಹೋಗಿದೆ, ಹೊಲಿಗೆ ಸಡಿಲವಾಗಿದೆ, ಆದರೂ ಅದನ್ನು ಸರಿಯಾಗಿ ನಡುವಿಗೆ ತೆರೆದಿಟ್ಟರೆ ಎಡಪುಟದಲ್ಲಿ ಗಾಳಿಪಟದಾಕಾರದ ಒಂದು ಕಂದುಬಣ್ಣದ ಕಲೆ ಕಾಣಿಸುತ್ತದೆ. ಕಲೆಯ ಸುತ್ತ ಪೆನ್ಸಿಲಿನ ಗೆರೆ. ಆ ಗೆರೆ ಒಂದು ಮೂಲೆಯಲ್ಲಿ ಸಪೂರವಾಗಿ ಬಾಲದಂತೆ ಇಳಿದು, ಜಾಗ ಸಾಲದೆ, ಎರಡು ಪುಟಗಳ ನಡುವಿನ ಸಂದಿಯಲ್ಲಿ ತಟ್ಟನೆ ನಿಂತು, ಎಷ್ಟೋ ವರ್ಷ ಹಾಗೇ ಇತ್ತು. ಬಲಪುಟದಲ್ಲಿ ನನ್ನದೇ ದುಂಡಕ್ಷರದಲ್ಲಿ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನು ಐವತ್ತು ಸಲ ಬರೆದಿದೆ, ಕೊನೆಯಲ್ಲಿ ಕೆಂಪುಶಾಯಿಯ ಸರಿ ಗುರುತು. ಹೊಸಬರು ಯಾರಾದರೂ ನೋಡಿದರೆ ಎಡಗಡೆ ಚಹಾ ಚೆಲ್ಲಿದೆ, ಬಲಗಡೆ ವಿದ್ಯೆ ಇದೆ ಎಂದುಕೊಳ್ಳುತ್ತಾರೆ. ಓದುಗ ಮಿತ್ರರೇ, ಸತ್ಯ ಇದಕ್ಕೆ ತದ್ವಿರುದ್ಧ ಎಂಬುದೇ ನನ್ನ ವಾದ. ಕಾಲೇಜಿನ ದಿನಗಳಲ್ಲಿ ವಾದ ಮಂಡಿಸಲು ನಾಲ್ಕೇ ನಿಮಿಷ ಕೊಟ್ಟು, ಮುಗಿಯುತ್ತಲೇ ಗಂಟೆ ಬಾರಿಸಿ ನನ್ನನ್ನು ಕೂರಿಸುತ್ತಿದ್ದರು. ಇಲ್ಲಿ ಗಂಟೆಯಿಲ್ಲ, ಸ್ವಲ್ಪ ಸಾವಧಾನವಾಗಿ ಕೇಳಿ.

ಈ ನೋಟುಪುಸ್ತಕಕ್ಕೂ ಒಂದು ತಾಯಿಬೇರಿದೆ. ೧೯೯೭ರಲ್ಲಿ, ನಾನು ಎರಡನೆಯ ತರಗತಿಯಲ್ಲಿದ್ದಾಗ, ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಬಾಚಣಿಗೆ, ಬೀಗದಕೈ ಸರ, ಪುಟ್ಟ ಪುಸ್ತಕಗಳನ್ನು ಮಾರುವವನೊಬ್ಬನಿಂದ ನನ್ನ ಅಬ್ಬಿ, ಅಂದರೆ ನನ್ನ ತಾಯಿ ಗುಲಾಬಿ, ಒಂದು ಚಿತ್ರದ ಪುಸ್ತಕ ಕೊಂಡು ತಂದಳು. ಅವಳಿಗೆ ಕನ್ನಡವನ್ನೇ ಕೂಡಿಸಿ ಕೂಡಿಸಿ ಓದಬೇಕು, ಇಂಗ್ಲಿಷ್ ಅಂತೂ ಬಾರದು. ಆದರೆ ಮುಖಪುಟದಲ್ಲಿ ಆನೆ, ಸಿಂಹ, ಮೀನು ಇದ್ದವು, ಮಗಳಿಗಾಗುತ್ತದೆಂದು ತಂದಳು. ಅದರ ತುಂಬ ಅಂಕಣಗಳು: ಪ್ರಾಣಿಯ ಹೆಸರು, ಗಂಡಿನ ಹೆಸರು, ಹೆಣ್ಣಿನ ಹೆಸರು, ಮರಿಯ ಹೆಸರು, ಮನೆಯ ಹೆಸರು, ಕೂಗಿನ ಹೆಸರು, ಗುಂಪಿನ ಹೆಸರು. ಹಸುವಿನ ಮರಿ ಕಾಫ್, ಕುದುರೆಯ ಮರಿ ಫೋಲ್, ಹಂಸದ ಮರಿ ಸಿಗ್ನೆಟ್. ಸಿಂಹಗಳ ಗುಂಪಿಗೊಂದು ಹೆಸರು, ತೋಳಗಳ ಗುಂಪಿಗೆ ಇನ್ನೊಂದು, ಕಾಡುಬಾತುಗಳದ್ದು ನೆಲದ ಮೇಲಿದ್ದರೆ ಒಂದು ಹೆಸರು, ಹಾರತೊಡಗಿದರೆ ಮತ್ತೊಂದು. ನಾನು ಅದನ್ನೆಲ್ಲ ನಕಲು ಮಾಡಿದೆ, ಉರು ಹೊಡೆದೆ, ಎಂಟನೆಯ ತರಗತಿಗೆ ಸೇತುವೆಯಾಚೆ ಹೆದ್ದಾರಿ ಪಕ್ಕದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದ ಮೇಲೆ ಈ ದಪ್ಪ ನೋಟಿಗೆ ಮತ್ತೊಮ್ಮೆ ಎತ್ತಿ ಬರೆದೆ. ನಮ್ಮ ಕೋಡಿಯ ಕಡಲ ಬದಿಯಲ್ಲಿ ನನಗೆ ಹಂಸ ಎದುರಾಗಲಿಲ್ಲ, ಸಿಂಹ ಗರ್ಜಿಸಲಿಲ್ಲ. ಆದರೂ ಯಾರಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೆ ಮೊಲದ ಮನೆಯ ಹೆಸರನ್ನು ಮೂರು ಬಗೆಯಲ್ಲಿ ಹೇಳಬಲ್ಲವಳಾಗಿದ್ದೆ.

ಮೀನಿನ ಸಾಲು ಮಾತ್ರ ಆ ಪುಸ್ತಕದಲ್ಲಿ ಬಡವಾಗಿತ್ತು. ಗಂಡಿನ ಹೆಸರಿಲ್ಲ, ಹೆಣ್ಣಿನ ಹೆಸರಿಲ್ಲ, ಕೂಗಿನ ಜಾಗದಲ್ಲಿ ಒಂದು ಅಡ್ಡಗೆರೆ. ಮೀನೆಂದರೆ ಒಂದೇ ಮೀನು ಎಂಬಂತೆ ಒಂದೇ ಚಿತ್ರ. ಅದೂ ಬೆಳ್ಳಿಬಣ್ಣದ, ಬಾಯಿ ತೆರೆದ, ಯಾವ ಕಡಲಿನದೋ ಗೊತ್ತಾಗದ ಒಂದು ಮೀನು. ನನಗಾಗ ಅದು ವಿಚಿತ್ರವೆನಿಸಲಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಇಲ್ಲದ್ದೇ ಇರಬೇಕು ಎಂಬ ಭಕ್ತಿ ಆಗಲೇ ನನ್ನನ್ನು ಮೆಲ್ಲಗೆ ಹಿಡಿಯತೊಡಗಿತ್ತು.

ಅಬ್ಬಿಯ ವಿದ್ಯೆ ಬೇರೆ ಕಡೆ ಇತ್ತು. ಬೆಳಗು ಹರಿಯುತ್ತಲೇ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಬಸ್ಸು ಹತ್ತಿ ವಂಡ್ಸೆಗೆ ಹೋಗಿ ಮನೆಮನೆಗೆ ಮಾರುವುದು ಅವಳ ಕೆಲಸ. ಕಂಡಕ್ಟರು ದಿನಾ, "ಹ್ವಾಯ್ ಗುಲಾಬಕ್ಕ, ಬುಟ್ಟಿ ಹಿಂದ್ ಇಡಿ," ಎನ್ನುತ್ತಿದ್ದ. ದಿನಾ ಇಟ್ಟದ್ದು ಹಿಂದೆಯೇ ಆದರೂ ಹೇಳದಿದ್ದರೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಕಿವಿರಿನ ಮುಚ್ಚಳ ಎತ್ತಿ ಕೆಂಪು ನೋಡಿ ಆ ಮೀನು ಬಲೆಗೆ ಬಿದ್ದದ್ದು ಇಂದೋ ನಿನ್ನೆಯೋ ಹೇಳುತ್ತಿದ್ದಳು. ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತಿ ಒಳಗೆ ಮೊಟ್ಟೆ ಇದೆಯೋ ಇಲ್ಲವೋ ಹೇಳುತ್ತಿದ್ದಳು. ಆದರೆ ಏಡಿ, ಸೀಗಡಿ, ಮೆದು ಮೈಯ ಹತ್ತು ತೋಳಿನ ಬೊಂಡಾಸು ಎಲ್ಲವೂ ಅವಳ ಬಾಯಲ್ಲಿ ಮೀನೇ. ಏಡಿ ಮೀನಲ್ಲ, ಅದಕ್ಕೆ ಬೆನ್ನುಮೂಳೆಯಿಲ್ಲ ಎಂದು ನಾನು ಪಾಠ ಹೇಳಿದಾಗ ಅವಳು ಒಂದೇ ಮಾತಿನಲ್ಲಿ ಚರ್ಚೆ ಮುಗಿಸಿದಳು.

"ಬುಟ್ಟಿಗ್ ಬಂದದ್ದೆಲ್ಲ ಮೀನೆ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದನ್ನು ನಾನು ಒಂದು ಕೆಟ್ಟ ಕೆಲಸಕ್ಕೆ ಬಳಸಲಿದ್ದೇನೆ.

ತೊರಕೆ ಎಂಬ ಮೀನನ್ನು ನೀವು ನೋಡಿಲ್ಲದಿದ್ದರೆ ಹೀಗೆ ಊಹಿಸಿಕೊಳ್ಳಿ: ಚಪ್ಪಟೆ ಮೈ, ಎರಡೂ ಬದಿಗೆ ರೆಕ್ಕೆಯಂತೆ ಹರಡಿದ ಅಗಲ, ಚಾಟಿಯಂಥ ಬಾಲ, ಬಾಲದ ಮೇಲೆ ಒಂದು ವಿಷದ ಮುಳ್ಳು. ದೊಡ್ಡ ತೊರಕೆ ಸಿಕ್ಕಿದ ದಿನ ಅಬ್ಬಿ ಅದನ್ನು ಮನೆಯ ಹಿಂದಿನ ಕಲ್ಲಿನ ಬಳಿ ಮೆಟ್ಟುಕತ್ತಿಯ ಮುಂದೆ ಕೂತು ತುಂಡು ಮಾಡುತ್ತಿದ್ದಳು. ನಾನು ಏಳನೆಯ ತರಗತಿಯಲ್ಲಿದ್ದಾಗ ಒಮ್ಮೆ ಹೊಟ್ಟೆ ಸೀಳುತ್ತಲೇ ಒಳಗಿಂದ ಮರಿಗಳು ಜಾರಿದವು. ಮೊಟ್ಟೆಗಳಲ್ಲ, ಮರಿಗಳು. ರೆಕ್ಕೆಗಳನ್ನು ವೀಳ್ಯದೆಲೆಯ ಹಾಗೆ ಮೈಗೆ ಸುತ್ತಿಕೊಂಡ, ಕಣ್ಣು ಮೂಡಿದ, ಬಾಲ ಬಂದ, ಅಂಗೈಯಗಲದ ಮೂರು ಮರಿಗಳು. ಬಿಡಿಸಿದರೆ ತಾಯಿಯದೇ ಪಡಿಯಚ್ಚು. ಹೆದರಿದರೆ ಹುಟ್ಟಿದ ಮರಿಗಳೂ ವಾಪಸ್ ತಾಯ ಹೊಟ್ಟೆಗೇ ನುಗ್ಗುತ್ತವಂತೆ ಎಂದು ಅಬ್ಬಿ ಕತ್ತಿ ಆಡಿಸುತ್ತ ಹೇಳಿದಳು. ನನಗಾಗಲೇ ಎಲ್ಲದಕ್ಕೂ ಅಡ್ಡಪ್ರಶ್ನೆ ಹಾಕುವ ಚಟ.

"ನೀ ಕಂಡಿದ್ಯಾ?" ಎಂದೆ.

ಅವಳು ಕತ್ತಿ ನಿಲ್ಲಿಸಿ ಯೋಚಿಸಿದಳು. "ಇಲ್ಲ. ಒಳ್ಗಿದ್ದದ್ ಕಂಡಿದೆ. ಒಳ್ಗ್ ಹೋಪುದ್ ಕಾಣ್ಲಿಲ್ಲ. ಹೇಳ್ತ್ರ್, ಅಷ್ಟೆ."

ಆಮೇಲೆ ನಾನು ಎಷ್ಟೋ ತೀರ್ಪುಗಾರರನ್ನು, ಉಪನ್ಯಾಸಕರನ್ನು, ಭಾಷಣಕಾರರನ್ನು ಕೇಳಿದ್ದೇನೆ. ಕಂಡದ್ದನ್ನೂ ಕೇಳಿದ್ದನ್ನೂ ಇಷ್ಟು ಚೊಕ್ಕವಾಗಿ ಎರಡು ಬುಟ್ಟಿಗೆ ಹಾಕಿದವರು ಅಪರೂಪ. ಮರಿಗಳನ್ನು ಅವಳು ಮಾರಲಿಲ್ಲ, ಸಾರಿಗೂ ಹಾಕಲಿಲ್ಲ. ಹೊಟ್ಟೆಯ ಮರಿ ನೀರು ಕಾಣದ್ದು, ಅದಕ್ಕೆ ನೀರು ತೋರಿಸಬೇಕು ಎಂಬುದು ಅವಳ ತಾಯಿಯಿಂದ ಅವಳಿಗೆ ಬಂದ ಕಟ್ಟಳೆ. ಸತ್ತ ಮರಿಗಳನ್ನು ಸೆರಗಿನಲ್ಲಿ ಇಟ್ಟುಕೊಂಡು ಹೋಗಿ ಹೊಳೆ ಕಡಲು ಸೇರುವಲ್ಲಿ ಬಿಟ್ಟುಬಂದಳು. ಸತ್ತದ್ದಕ್ಕೆ ನೀರು ಕಂಡರೇನು, ಬಿಟ್ಟರೇನು ಎಂದು ನನ್ನ ತರ್ಕ ಈಗಲೂ ಗೊಣಗುತ್ತದೆ. ಗೊಣಗಲಿ.

ಈಗ ಮೊಕದ್ದಮೆಗೆ ಬರುತ್ತೇನೆ. ೨೦೦೪, ಒಂಬತ್ತನೆಯ ತರಗತಿ. ಬಯಾಲಜಿ ಟೀಚರೇ ನಮಗೆ ಇಂಗ್ಲಿಷ್ ಚರ್ಚಾಸ್ಪರ್ಧೆಯ ತರಬೇತಿಯನ್ನೂ ಕೊಡುತ್ತಿದ್ದರು. ಬ್ರಹ್ಮಾವರದಲ್ಲಿ ನಡೆಯುವ ಸ್ಪರ್ಧೆಗೆ ನಮ್ಮ ಶಾಲೆಯಿಂದ ಇಬ್ಬರು ಹೋಗಬೇಕು. ನಾನೊಬ್ಬಳು ಎಂದು ಬಹುತೇಕ ನಿಶ್ಚಯವಾಗಿತ್ತು. ನಮ್ಮ ಕೇರಿಯಿಂದ ಇಂಗ್ಲಿಷಿನಲ್ಲಿ ಮಾತನಾಡಲು ವೇದಿಕೆ ಹತ್ತುವ ಮೊದಲನೆಯವಳು ನಾನಾಗಲಿದ್ದೆ, ಅದನ್ನು ಅಬ್ಬಿ ವಂಡ್ಸೆಯ ಅರ್ಧ ಊರಿಗೆ ಮೀನಿನ ಜೊತೆ ಹಂಚಿ ಆಗಿತ್ತು. ಅಷ್ಟರಲ್ಲಿ ಕಿರುಪರೀಕ್ಷೆ ಬಂತು. ಸರಿಯೋ ತಪ್ಪೋ ಗುರುತಿಸಿ: ಆಲ್ ಫಿಶಸ್ ಲೇ ಎಗ್ಸ್. ಎಲ್ಲ ಮೀನುಗಳೂ ಮೊಟ್ಟೆಯಿಡುತ್ತವೆ. ನಾನು ತಪ್ಪು ಎಂದು ಬರೆದೆ. ನನ್ನ ಉತ್ತರ ತಪ್ಪಾಯಿತು.

ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾತಿ ನಾನಲ್ಲ. ಎದ್ದುನಿಂತು ತೊರಕೆಯ ಹೊಟ್ಟೆಯಲ್ಲಿ ಮರಿ ಇರುತ್ತದೆ, ನಾನು ನೋಡಿದ್ದೇನೆ ಎಂದೆ. ತೊರಕೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಟೀಚರು ಕೇಳಿದರು. ನನಗೆ ಗೊತ್ತಿರಲಿಲ್ಲ. ಹಾರತೊಡಗಿದ ಕಾಡುಬಾತುಗಳ ಗುಂಪಿನ ಹೆಸರು ಗೊತ್ತಿದ್ದವಳಿಗೆ ತನ್ನ ಮನೆಯ ಹಿಂದಿನ ಕಲ್ಲಿನ ಮೇಲೆ ಬಿದ್ದ ಮೀನಿನ ಹೆಸರು ಗೊತ್ತಿರಲಿಲ್ಲ. ತರಗತಿ ನಕ್ಕಿತು. ಹೆಸರೇ ಗೊತ್ತಿಲ್ಲದ ಪ್ರಾಣಿಯ ಬಗ್ಗೆ ವಿಜ್ಞಾನ ಮಾತನಾಡುವುದಿಲ್ಲ ಎಂದು ಟೀಚರು ಹೇಳಿ, ಆ ವಾಕ್ಯವನ್ನು ಐವತ್ತು ಸಲ ಬರೆದು ಶನಿವಾರ ತೋರಿಸಿದರೆ ಮಾತ್ರ ಚರ್ಚೆಯ ಅಭ್ಯಾಸಕ್ಕೆ ಬರಬಹುದು, ಇಲ್ಲವಾದರೆ ನನ್ನ ಜಾಗಕ್ಕೆ ಬೇರೆ ಹುಡುಗಿ ಇದ್ದಾಳೆ ಎಂದರು. ಅವರು ಕೆಟ್ಟವರಾಗಿರಲಿಲ್ಲ. ಆದರೆ ಅವರ ಕೈಯಲ್ಲಿ ಗೈಡಿತ್ತು, ಗೈಡಿನಲ್ಲಿ ಉತ್ತರವಿತ್ತು, ಮತ್ತು ಅದು ಇಂಗ್ಲಿಷಿನಲ್ಲಿತ್ತು.

ಮೀನುಗಾರರ ಮನೆಯ ಮಕ್ಕಳು ಮಾತ್ರ ಮಾಡಬಹುದಾದ ಒಂದು ತಪ್ಪನ್ನು ಆಗ ನಾನು ಮಾಡಿದೆ. ನಮ್ಮಲ್ಲಿ ಮೀನಿನ ಬಗ್ಗೆ ತಕರಾರೆದ್ದರೆ ಮೀನನ್ನೇ ಮುಂದೆ ತಂದಿಟ್ಟು ಕಿವಿರು ಎತ್ತಿ ತೋರಿಸುತ್ತಾರೆ, ಅಲ್ಲಿಗೆ ತಕರಾರು ಮುಗಿಯುತ್ತದೆ. ಶಾಲೆಯಲ್ಲೂ ಹಾಗೆಯೇ ಎಂದು ನಾನು ತಿಳಿದೆ. ಆ ವಾರ ಅದೃಷ್ಟಕ್ಕೆ ಗಬ್ಬದ ತೊರಕೆಯೊಂದು ಸಿಕ್ಕಿತು. ಒಂದು ಮರಿ ಕೊಡು, ಟೀಚರಿಗೆ ತೋರಿಸಬೇಕು ಎಂದು ಅಬ್ಬಿಯನ್ನು ಕಾಡಿದೆ. ಅವಳಿಗೆ ಮನಸ್ಸಿರಲಿಲ್ಲ.

"ತೋರ್ಸುಕೆ ಬೇಕಾರೆ ತಕಂಡ್ ಹೋ," ಎಂದಳು ಕೊನೆಗೆ. "ಆದ್ರೆ ಬಪ್ಪತಿಗೆ ಹೊಳಿಗ್ ಬಿಟ್ಟೇ ಬರ್ಕ್. ಅದ್ ನಮ್ದಲ್ಲ."

ಬರುವಾಗ ಹೊಳೆಗೆ ಬಿಟ್ಟೇ ಬರಬೇಕು, ಮಾತು ಕೊಟ್ಟೆ. ಆ ಸಂಜೆ ಮರಿಯನ್ನು ಈ ನೋಟುಪುಸ್ತಕದ ಮೇಲೆ ಮಲಗಿಸಿ, ಸುತ್ತಿದ ರೆಕ್ಕೆಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಪೆನ್ಸಿಲಿನಿಂದ ಸುತ್ತ ಗೆರೆಯೆಳೆದೆ. ಬಾಲಕ್ಕೆ ಜಾಗ ಸಾಲಲಿಲ್ಲ. ಮರುದಿನ ಬಾಳೆಲೆಯಲ್ಲಿ ಸುತ್ತಿ, ಟಿಫಿನ್ ಡಬ್ಬಿಯಲ್ಲಿಟ್ಟು, ಪ್ರಾರ್ಥನೆ ಮುಗಿಯುತ್ತಲೇ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ಮುಚ್ಚಳ ತೆಗೆದೆ.

ನನ್ನ ಸಾಕ್ಷ್ಯದ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಟೀಚರು ಸೆರಗನ್ನು ಮೂಗಿಗೊತ್ತಿ ಮುಖ ತಿರುಗಿಸಿದರು. ಯಾರೋ ಕಿಟಕಿ ತೆರೆದರು. ಜವಾನರು ಬಂದು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಹೋಗಿ, ಕಂಪೌಂಡಿನಾಚೆ ಒಮ್ಮೆ ಕೊಡವಿ, ಖಾಲಿ ಡಬ್ಬಿ ವಾಪಸು ಕೊಟ್ಟರು. ಕಾಗೆಗಳ ಸದ್ದು ಮಾತ್ರ ಕೇಳಿಸಿತು. ಮಧ್ಯಾಹ್ನ ಗೋಡೆ ಹತ್ತಿ ಇಣುಕಿ ನೋಡಿದೆ; ಬಾಳೆಲೆಯ ಚೂರಷ್ಟೇ ಉಳಿದಿತ್ತು.

ಸಂಜೆ ಸಂಗಮದ ಸೇತುವೆಯ ಮೇಲೆ ಬಸ್ಸು ಹಾದುಹೋಗುವಾಗ ನಾನು ಹೊಳೆಯನ್ನು ನೋಡಲಿಲ್ಲ. ಮನೆಯಲ್ಲಿ ಅಬ್ಬಿ ಕೇಳಿದಳು, ಬಿಟ್ಟೆ ಎಂದೆ. ಸೇತುವೆಯ ಬಳಿ ಇಳಿದು, ಕೆಳಗೆ ಹೋಗಿ, ನೀರಿಗೇ ಬಿಟ್ಟೆ ಎಂದು ವಿವರ ಬೇರೆ ಸೇರಿಸಿದೆ. ವಾದಪಟುಗಳ ದೋಷವೇ ಇದು, ಸುಳ್ಳಿಗೆ ಅಗತ್ಯಕ್ಕಿಂತ ಹೆಚ್ಚು ಆಧಾರ ಒದಗಿಸುತ್ತೇವೆ. ಅವಳು ಹ್ಞೂಂ ಎಂದು ಡಬ್ಬಿ ತೆಗೆದುಕೊಂಡು ತೊಳೆಯಲು ಹೋದಳು. ಕಾಣದ್ದನ್ನು ನಂಬದ ಹೆಂಗಸು ನನ್ನ ಮಾತನ್ನು ಕಾಣದೆಯೇ ನಂಬಿದಳಲ್ಲ ಎಂಬುದು ನನ್ನನ್ನು ಚುಚ್ಚಿತು. ತೊರಕೆಯ ಮುಳ್ಳು ಚುಚ್ಚಿದರೆ ಎರಡು ದಿನಕ್ಕೆ ನೋವಿಳಿಯುತ್ತದೆ ಎನ್ನುತ್ತಾರೆ, ಇದು ಇಳಿಯಲಿಲ್ಲ.

ಶುಕ್ರವಾರ ನೋಟುಪುಸ್ತಕ ತೆರೆದು ಕೂತೆ. ಬರೆದರೆ ಬ್ರಹ್ಮಾವರ, ಬರೆಯದಿದ್ದರೆ ಕೋಡಿ. ಅಬ್ಬಿ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ನನ್ನ ಮುಖ ನೋಡಿ ಸಂಗತಿ ಕೇಳಿದಳು, ಹೇಳಿದೆ. ತೊರಕೆ ಮೊಟ್ಟೆ ಇಡುತ್ತದೆಂದು ಐವತ್ತು ಸಲ ಬರೆಯಬೇಕು ಎಂದೆ. ಅವಳಿಗೆ ನಗು ಬಂತು.

"ಬರಿ ಹೆಣೆ. ನೀ ಬರ್ದ್ ಕೂಡ್ಲೆ ತೊರ್ಕಿ ಮೊಟ್ಟಿ ಇಡುದಿಲ್ಲ."

ನಾನು ಬರೆದ ಮಾತ್ರಕ್ಕೆ ತೊರಕೆ ತನ್ನ ಸ್ವಭಾವ ಬದಲಿಸುವುದಿಲ್ಲ. ಅವಳ ಪಾಲಿಗೆ ಸತ್ಯ ಕಡಲಿನಲ್ಲಿ ಭದ್ರವಾಗಿತ್ತು, ಹಾಳೆಯ ಮೇಲಿನ ಗೀಚಾಟದಿಂದ ಅದಕ್ಕೆ ಬಾಧೆಯಿರಲಿಲ್ಲ. ಆದರೆ ಬರೆಯುವವಳು ನಾನು, ಬಾಧೆಯಾದದ್ದು ನನಗೆ. ಬಲಪುಟವನ್ನು ನಡುವೆ ಗೀಟೆಳೆದು ಎರಡು ಮಾಡಿ, ಆ ಕಡೆ ಇಪ್ಪತ್ತೈದು, ಈ ಕಡೆ ಇಪ್ಪತ್ತೈದು, ಒಂದು ಅಕ್ಷರ ಅಂಕುಡೊಂಕಾಗದಂತೆ ಬರೆದೆ. ಶನಿವಾರ ಟೀಚರು ಎಡಪುಟದ ಕಲೆಯ ಮೇಲೆ ಅಂಗೈಯೂರಿ, ಬಲಪುಟಕ್ಕೆ ಕೆಂಪು ಗುರುತು ಹಾಕಿ, ಗುಡ್ ಎಂದರು.

ಬ್ರಹ್ಮಾವರಕ್ಕೆ ಹೋದೆ. ವಿಜ್ಞಾನಕ್ಕೆ ಇಂಗ್ಲಿಷೇ ಅನಿವಾರ್ಯ ಎಂಬುದು ವಿಷಯ, ಚೀಟಿಯಲ್ಲಿ ನಮಗೆ ಬಂದದ್ದು ಪರವಾದ ಪಕ್ಷ. ನಾನು ಉರು ಹೊಡೆದ ಅಂಕಣಗಳನ್ನೆಲ್ಲ ಹರಿಯಬಿಟ್ಟೆ: ಮ್ಯಾಮಲ್, ರೆಪ್ಟೈಲ್, ಆಂಫಿಬಿಯನ್, ಇನ್‌ವರ್ಟಿಬ್ರೇಟ್. ಆಮೇಲೆ ಸ್ವರ ತಗ್ಗಿಸಿ, ನಮ್ಮೂರಿನಲ್ಲಿ ಬುಟ್ಟಿಗೆ ಬಂದದ್ದೆಲ್ಲ ಮೀನು ಎನ್ನುವವರಿದ್ದಾರೆ, ಅಂಥವರ ಭಾಷೆಯಲ್ಲಿ ಜೀವಶಾಸ್ತ್ರ ಹೇಗೆ ಸಾಧ್ಯ ಎಂದು ಕೇಳಿದೆ. ಸಭೆ ನಕ್ಕಿತು, ತೀರ್ಪುಗಾರರೂ ನಕ್ಕರು. ಎರಡನೆಯ ಬಹುಮಾನ ಬಂತು. ಅಬ್ಬಿ ಅದನ್ನು ದೇವರ ಪಟದ ಪಕ್ಕ ಇಟ್ಟಳು. ಅವಳ ಮಾತಿಗೇ ಸಿಕ್ಕಿದ ಬಹುಮಾನ ಎಂದು ನಾನು ಹೇಳಲಿಲ್ಲ.

ಪಿಯುಸಿಯ ಜೀವಶಾಸ್ತ್ರದ ಪುಸ್ತಕದಲ್ಲಿ ಒಂದು ಮಧ್ಯಾಹ್ನ ನನಗೆ ಒಂದು ಪದ ಸಿಕ್ಕಿತು: ವಿವಿಪೆರಸ್. ಮರಿ ಹಾಕುವಂಥದ್ದು. ಮೃದು ಎಲುಬಿನ ಮೀನುಗಳಲ್ಲಿ, ಅಂದರೆ ಶಾರ್ಕ್ ಎನ್ನುವ ತಾಟೆ ಮತ್ತು ತೊರಕೆಗಳ ಕುಲದಲ್ಲಿ, ಹಲವು ಹೀಗೆ ಮರಿ ಹಾಕುತ್ತವೆ ಎಂದು ಅಚ್ಚಾಗಿತ್ತು. ತೊರಕೆಯ ಇಂಗ್ಲಿಷ್ ಹೆಸರೂ ಅಲ್ಲೇ ಇತ್ತು, ಒಂದೇ ಉಸಿರಿನ ಪುಟ್ಟ ಹೆಸರು, ರೇ. ಪುಸ್ತಕ ಹಿಡಿದು ಮನೆಗೆ ಓಡಿ, ವಂಡ್ಸೆಯಿಂದ ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದ ಅಬ್ಬಿಗೆ ಓದಿ, ಅರ್ಥ ಹೇಳಿ, ಗೆದ್ದವಳಂತೆ ನಿಂತೆ. ಅವಳು ಕಾಲು ನೀವಿಕೊಳ್ಳುತ್ತಲೇ ಕೇಳಿದಳು:

"ಅವ್ರಿಗ್ ಈಗ ಗೊತ್ತಾಯ್ತಾ?"

ಕುಹಕವೇನೂ ಇರಲಿಲ್ಲ, ನಿಜವಾದ ಕುತೂಹಲದಿಂದಲೇ ಕೇಳಿದಳು. ಅವರಿಗೆ ಎಂದೋ ಗೊತ್ತಿತ್ತು. ಗೊತ್ತಿದ್ದವರು ಅದನ್ನು ಇಂಗ್ಲಿಷಿನಲ್ಲಿ ಎಂದೋ ಬರೆದಿಟ್ಟಿದ್ದರು. ನಡುವೆ ಅದನ್ನು ನಮಗೆ ಕಲಿಸಲು ಕೂತವರು ಮಾತ್ರ ಗೈಡಿನಿಂದ ತಲೆಯೆತ್ತಲಿಲ್ಲ. ಆದ್ದರಿಂದ ನನ್ನ ಜಗಳ ಇಂಗ್ಲಿಷಿನ ಜೊತೆ ಎಂದು ಯಾರೂ ಭ್ರಮಿಸಬೇಡಿ. ವಿವಿಪೆರಸ್ ಎಂಬುದು ಬಲು ಒಳ್ಳೆಯ ಪದ, ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಹಟ್ಟಿಯ ಹಸುವನ್ನೂ ಮಾಡಿನ ಬಾವಲಿಯನ್ನೂ ಬೇಲಿಯ ಕೊಳಕುಮಂಡಲವನ್ನೂ ಕಡಲಿನ ತೊರಕೆಯನ್ನೂ ಅದು ಒಂದೇ ಹಗ್ಗದಲ್ಲಿ ಕಟ್ಟಿ ತೋರಿಸುತ್ತದೆ. ಅಬ್ಬಿಯ ಬುಟ್ಟಿಗೆ ಆ ಶ್ರೀಮಂತಿಕೆ ಇಲ್ಲ. ಹಾಗೆಂದು ಆ ಭಾಷೆ ಆಕಾಶದಿಂದ ಇಳಿದದ್ದೂ ಅಲ್ಲ. ಕಡಲಲ್ಲಿ ಲೋಳೆಯಂತೆ ತೇಲುವ, ನಾವು ಅಂಬಲಿ ಎನ್ನುವ ಜೀವಿಯನ್ನು ಜೆಲ್ಲಿಫಿಶ್ ಎನ್ನುವವರು, ನಕ್ಷತ್ರದ ಆಕಾರದ ಬೆನ್ನುಮೂಳೆಯಿಲ್ಲದ ಪ್ರಾಣಿಯನ್ನು ಸ್ಟಾರ್‌ಫಿಶ್ ಎನ್ನುವವರು ಯಾರು? ಅವರೂ ಯಾವುದೋ ಕಡಲ ಬದಿಯಲ್ಲಿ, ಯಾವುದೋ ಬುಟ್ಟಿಯ ಮುಂದೆ ಕೂತು, ಬುಟ್ಟಿಗೆ ಬಂದದ್ದೆಲ್ಲ ಮೀನೇ ಎಂದವರಲ್ಲವೇ? ಬ್ರಹ್ಮಾವರದ ಸಭೆಯಲ್ಲಿ ನಾನು ಅಬ್ಬಿಯನ್ನು ನಗೆಪಾಟಲು ಮಾಡಿದ ಮಾತಿಗೇ ಆ ಭಾಷೆಯ ಅಜ್ಜಿಯಂದಿರೂ ಸೇರಿ ನಗೆಪಾಟಲಾಗಬೇಕಿತ್ತು. ಯಾರಿಗೂ ಹೊಳೆಯಲಿಲ್ಲ, ನನಗೂ.

ಇನ್ನೊಂದು ಕಡೆಯವರನ್ನೂ ಬಿಡಲಾರೆ. ಡಿಗ್ರಿಯಲ್ಲಿದ್ದಾಗ ಬಾರ್ಕೂರಿನ ಒಂದು ಚರ್ಚಾಕೂಟದಲ್ಲಿ ನನ್ನ ಎದುರಾಳಿ, ಇಂಗ್ಲಿಷರಿಗಿಂತ ಸಾವಿರಾರು ವರ್ಷ ಮೊದಲೇ ನಮ್ಮ ಹಿರಿಯರು ಜೀವಿಗಳನ್ನು ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ್ಜ ಎಂದು ವಿಂಗಡಿಸಿದ್ದರು ಎಂದು ಎದೆ ತಟ್ಟಿದ. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ನನ್ನ ಸರದಿ ಬಂದಾಗ ನಾನು ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಪಟ್ಟಿಯಲ್ಲಿ ಮೀನು ಎಲ್ಲಿದೆ? ಅವನು ಹೆಮ್ಮೆಯಿಂದಲೇ ಹೇಳಿದ, ಅಂಡಜದಲ್ಲಿ. ನೋಡಿದಿರಾ, ಮೊಟ್ಟೆ ಮತ್ತೆ ಬಂತು. ಗೈಡಿನಲ್ಲಿ ಇಂಗ್ಲಿಷ್ ಮೊಟ್ಟೆ, ಇವನಲ್ಲಿ ಸಂಸ್ಕೃತದ ಮೊಟ್ಟೆ. ಇಬ್ಬರೂ ಹೊಟ್ಟೆ ಸೀಳಿ ನೋಡಿದವರಲ್ಲ. ಬೆವರಿನಿಂದ ಹೇನು ಹುಟ್ಟುತ್ತದೆಂಬ ಸ್ವೇದಜದ ಬಗ್ಗೆ ಕೇಳುವುದರೊಳಗೆ ಗಂಟೆ ಬಾರಿಸಿದರು. ಆ ದಿನ ನನಗೆ ಯಾವ ಬಹುಮಾನವೂ ಬರಲಿಲ್ಲ. ಬಾರದ್ದರಿಂದ ನನಗೆ ಆದ ಸಂತೋಷವನ್ನು ವರ್ಣಿಸಲು ಯಾವ ಭಾಷೆಯ ಅಂಕಣದಲ್ಲೂ ಪದವಿಲ್ಲ.

ಆದರೆ ಬೇರೆಯವರ ಹುಳುಕು ಹುಡುಕುವುದು ಸುಲಭ. ಈ ಚರ್ಚೆಗಳಲ್ಲೆಲ್ಲ ಸಾಕ್ಷ್ಯ ಎಲ್ಲಿ, ಕಂಡವರು ಯಾರು ಎಂದು ಅಬ್ಬರಿಸುತ್ತಿದ್ದ ನನ್ನದೇ ಒಂದು ಹೇಳಿಕೆ, ಮರಿಯನ್ನು ಹೊಳೆಗೆ ಬಿಟ್ಟೆ ಎಂಬುದು, ಸಾಕ್ಷ್ಯವಿಲ್ಲದೆ ಮನೆಯಲ್ಲಿ ಕೂತಿತ್ತು.

ಅದು ಹೊರಬಿದ್ದದ್ದು ೨೦೧೨ರಲ್ಲಿ, ವಂಡ್ಸೆ ಬಸ್ಸಿನಲ್ಲಿ. ಅಬ್ಬಿಗೆ ಮೊಣಕಾಲು ನೋವು ಶುರುವಾಗಿ, ರಜೆಯ ದಿನಗಳಲ್ಲಿ ಬುಟ್ಟಿ ಎತ್ತಿಳಿಸಲು ನಾನೂ ಜೊತೆಗೆ ಹೋಗುತ್ತಿದ್ದೆ. ಬುಟ್ಟಿಯ ಜಾಗ ಹಿಂದೆ, ಹಾಗಾಗಿ ನಮ್ಮ ಜಾಗವೂ ಹಿಂದೆ. ತಲ್ಲೂರಿನಲ್ಲಿ ಬಸ್ಸು ತುಂಬಿತ್ತು. ಹತ್ತಿದವರಲ್ಲಿ ನಮ್ಮ ಟೀಚರೂ ಇದ್ದರು. ತಲೆ ನರೆತಿತ್ತು, ಕೈಯಲ್ಲಿ ತರಕಾರಿ ಚೀಲ. ಉಳಿದಿದ್ದ ಒಂದೇ ಸೀಟು ನನ್ನ ಪಕ್ಕದ್ದು, ಬುಟ್ಟಿಯ ಎದುರಿಗೆ. ಕ್ಷಣ ಅನುಮಾನಿಸಿ ಬಂದು ಕೂತರು. ನನ್ನ ಗುರುತು ಹಿಡಿದರು, ಏನು ಮಾಡುತ್ತಿದ್ದೀ ಎಂದು ವಿಚಾರಿಸಿದರು, ಆಮೇಲೆ ಹೆಮ್ಮಾಡಿ ಬರುವವರೆಗೂ ಬುಟ್ಟಿಯನ್ನೇ ನೋಡುತ್ತಿದ್ದರು.

"ಅವತ್ತು ನೀನು ತಂದದ್ದನ್ನು ನಾನು ನೋಡಲೇ ಇಲ್ಲ," ಎಂದರು. "ವಾಸನೆಗೆ ಮುಖ ತಿರುಗಿಸಿದೆ. ಆಮೇಲೆ ಒಂದು ದೊಡ್ಡ ಪುಸ್ತಕದಲ್ಲಿ ಓದಿದೆ, ನೀನು ಹೇಳಿದ್ದೇ ಸರಿ. ನೋಡಬೇಕಿತ್ತು ನಾನು."

ಒಂಬತ್ತನೆಯ ತರಗತಿಯ ಇಡೀ ವರ್ಷದಲ್ಲಿ ಅವರ ಬಾಯಿಂದ ಬಾರದಿದ್ದ ವಿಜ್ಞಾನದ ಮಾತು ಇದು: ನಾನು ನೋಡಲಿಲ್ಲ. ಅವರನ್ನು ಅಲ್ಲೇ ಕ್ಷಮಿಸಿದೆ ಎಂದು ಬರೆದರೆ ಓದಲು ಚೆಂದ, ಆದರೆ ಅದು ಐವತ್ತೊಂದನೆಯ ಸುಳ್ಳು ಸಾಲಾದೀತು. ಕ್ಷಮಿಸಲಿಲ್ಲ, ಗೌರವ ಮಾತ್ರ ಬಂತು, ಅದು ಬೇರೆ. ಅವರು ಮುಂದುವರಿದು, ಆ ಮರಿ ಆಮೇಲೆ ಏನಾಯಿತು ಎಂದು ಕೇಳಿದರು. ನೋಡಲಿಲ್ಲ ಎಂದು ಒಪ್ಪಿಕೊಂಡವರ ಮುಂದೆ, ಅಬ್ಬಿಯ ಮೊಣಕಾಲು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ, ಇನ್ನೊಮ್ಮೆ ಹೊಳೆಯ ಕಥೆ ಹೇಳಲು ನನ್ನ ನಾಲಗೆ ಏಳಲಿಲ್ಲ. ಜವಾನರು ಕಂಪೌಂಡಿನಾಚೆ ಎಸೆದರು, ಕಾಗೆಗಳು ತಿಂದವು ಎಂದೆ. ಎಂಟು ವರ್ಷದ ಮೇಲೆ, ತುಂಬಿದ ಬಸ್ಸಿನಲ್ಲಿ, ಗಟ್ಟಿಯಾಗಿ.

ಅಬ್ಬಿ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು: "ನಂಗ್ ಅವತ್ತೇ ಗೊತ್ತಾಯ್ತ್. ಹೊಳಿಗ್ ಬಿಟ್ಟವ್ರ್ ಡಬ್ಬಿ ತೊಳಿಯದೆ ಬತ್ರಾ?"

ಹೊಳೆಯವರೆಗೆ ಇಳಿದವಳು ಮೀನಿನ ಡಬ್ಬಿಯನ್ನು ಅದೇ ನೀರಿನಲ್ಲಿ ಅದ್ದದೆ ತರುತ್ತಾಳೆಯೇ? ಅದು ನನಗೆ ಹೊಳೆದೇ ಇರಲಿಲ್ಲ. ಅವಳು ಕಾಣದೆಯೇ ನಂಬಿದ್ದಳೆಂದು ನಾನು ಇಷ್ಟು ವರ್ಷ ನವೆದಿದ್ದೆ. ಅವಳು ಡಬ್ಬಿಯ ತಳ ಕಂಡಿದ್ದಳು.

"ಮತ್ ಎಂತಕ್ ಹೇಳ್ಲಿಲ್ಲ?" ಎಂದೆ.

"ನೀ ಹೇಳ್ತ್ಯೋ ಇಲ್ಯೋ ಕಾಂಬ ಅಂದೆ."

ಟೀಚರು ನಗಲೋ ಬೇಡವೋ ತಿಳಿಯದೆ ತರಕಾರಿ ಚೀಲವನ್ನು ಸರಿಪಡಿಸಿಕೊಂಡರು. ವಂಡ್ಸೆ ಬಂತು. ಬುಟ್ಟಿಯ ಒಂದು ಬದಿ ನಾನು ಹಿಡಿದೆ, ಇನ್ನೊಂದು ಬದಿಗೆ, ಯಾರೂ ಕೇಳದೆಯೇ, ಟೀಚರು ಕೈ ಹಾಕಿದರು.

ಆ ಸಂಜೆ ಮನೆಗೆ ಬಂದು ಈ ನೋಟುಪುಸ್ತಕ ಹುಡುಕಿ ತೆಗೆದೆ. ಹರಿದು ಬಿಸಾಡಲಲ್ಲ; ಸೋತ ವಾದವನ್ನೂ ಕಡತದಲ್ಲಿಡಬೇಕು ಎಂಬ ಪಕ್ಷ ನನ್ನದು. ಕಾಫ್, ಫೋಲ್, ಸಿಗ್ನೆಟ್‌ಗಳ ಪಟ್ಟಿಯ ಬಲತುದಿಯಲ್ಲಿ ಅಡಿಪಟ್ಟಿಯಿಟ್ಟು ಇನ್ನೊಂದು ಗೀಟೆಳೆದು ಹೊಸ ಅಂಕಣವೊಂದನ್ನು ಮಾಡಿ, ಅದರ ತಲೆಯ ಮೇಲೆ 'ಕಂಡವರು' ಎಂದು ಬರೆದೆ. ಗರ್ಜಿಸುವ ಸಿಂಹದ ಎದುರು ಖಾಲಿ ಬಿಟ್ಟೆ. ಹಂಸದ ಮರಿಯ ಎದುರು ಖಾಲಿ. ತೊರಕೆಗೆ ಒಂದು ಹೊಸ ಸಾಲು ಕೊಟ್ಟು, ಹೊಟ್ಟೆಯಲ್ಲಿ ಮರಿ ಎಂದು ಬರೆದು, ಕಂಡವರು: ಗುಲಾಬಿ ಎಂದೆ, ಕೆಳಗೆ ನನ್ನ ಹೆಸರು. ಹೆದರಿದ ಮರಿ ಮರಳಿ ತಾಯ ಹೊಟ್ಟೆ ಸೇರುವುದು, ಕಂಡವರು ಇಲ್ಲ. ಅಬ್ಬಿಗೆಂದು ರಿಯಾಯಿತಿ ತೋರಿಸಲಿಲ್ಲ. ಮರಿಯನ್ನು ಹೊಳೆಗೆ ಬಿಟ್ಟದ್ದು, ಕಂಡವರು ಇಲ್ಲ, ನನಗೂ ತೋರಿಸಲಿಲ್ಲ. ಆಮೇಲೆ ನಡುಪುಟ ತೆರೆದು ಐವತ್ತು ಸಾಲುಗಳ ಎದುರು ಕೂತೆ. ಎರಡು ಅಂಕಣ ತುಂಬ ಅಚ್ಚುಕಟ್ಟಾದ ಸುಳ್ಳು, ಕೊನೆಗೊಂದು ಸರಿ ಗುರುತು.

ಅಬ್ಬಿ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅಕ್ಷರಗಳ ಕಡೆ ಅವಳ ಕಣ್ಣು ಹೋಗಲಿಲ್ಲ. ಎಡಪುಟದ ಗೆರೆಯ ಮೇಲೆ ಬೆರಳಾಡಿಸುತ್ತ, ರೆಕ್ಕೆಯ ಬಳಿ ಮೆಚ್ಚಿ, ಸಂದಿಯ ಬಳಿ ನಿಂತಳು.

"ಬಾಲ ಎಂತಕ್ ಅರ್ಧ ಮಾಡಿದ್ದಿ? ತೊರ್ಕಿಗ್ ಬಾಲವೇ ಅಲ್ದಾ."

ಜಾಗ ಸಾಲಲಿಲ್ಲ ಎಂದೆ. ಈಚೆ ಬದಿ ಇಷ್ಟು ಜಾಗವಿದೆಯಲ್ಲ ಎಂದು ಅವಳು ಬಲಪುಟ ತೋರಿಸಿದಳು. ಪೆನ್ಸಿಲ್ ಚೂಪು ಮಾಡಿದೆ. ನಿಂತಲ್ಲಿಂದಲೇ ಗೆರೆ ಹಿಡಿದು, ಸಂದಿ ದಾಟಿಸಿ, ಮೊದಲ ಅಂಕಣದ ಮೇಲಿನ ಸಾಲಿನಿಂದ ಎರಡನೆಯ ಅಂಕಣದ ಕೊನೆಯ ಸಾಲಿನವರೆಗೆ, ಚಾಟಿಯಂತೆ ಬಳುಕಿಸುತ್ತ, ಬಾಲವನ್ನು ಎಷ್ಟು ಉದ್ದವಿರಬೇಕೋ ಅಷ್ಟು ಉದ್ದಕ್ಕೆ ಎಳೆದೆ. ಅದರ ತುದಿ ಹೋಗಿ ಮುಟ್ಟಿದ್ದು ಕೆಂಪು ಗುರುತನ್ನು. ಅಲ್ಲಿ ಒಂದು ಮುಳ್ಳು ಬರೆದೆ.